ಅಂಟಣ್ಣ ಕಿತ್ತ ಅಟ್ಟೆಗಳು

ಹೆಂಡತಿ ಆಟದಂಗಳದಲ್ಲಿ ಬಿದ್ದಳೆಂಬ ಸುದ್ದಿ ಬಂದಾಗ ಅಂಟಣ್ಣ ಯಾರದೋ ಶೂ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದ. ಶೂ ರಿಪೇರಿ ಅವನ ಕಸುಬು. ಬೆರಳ ಸಂದಿಯಲ್ಲಿ ಒಣಗಿದ ಅಂಟು ಇಪ್ಪತ್ತೆರಡು ವರ್ಷದಿಂದ ಹೋಗಿಯೇ ಇರಲಿಲ್ಲ. ಅದಕ್ಕೇ ಬೀದಿಯವರು ಇಟ್ಟ ಹೆಸರು ಅಂಟಣ್ಣ. ಶೂವಿನ ತಳಕ್ಕೆ ಅವನು ಹಾಕಿದ ಅಟ್ಟೆ ಬಿಟ್ಟುಕೊಂಡಿತು ಎಂದು ದೂರಿಕೊಂಡು ಬಂದವರು ಒಬ್ಬರೂ ಇಲ್ಲ.

ಹೆಂಡತಿ ಅಂಚೆ ಹಂಚುವವಳು. ಹೆಗಲಿಗೆ ಚೀಲ ಹಾಕಿಕೊಂಡು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕೆಲಸ. ನೀರಿನ ಟ್ಯಾಂಕಿನ ಪಕ್ಕದ ಸಿಮೆಂಟು ಅಂಗಳದಲ್ಲಿ ಗೆರೆ ಎಳೆದು, ನಡುವೆ ಬಲೆ ಕಟ್ಟಿ, ಪಿಕಲ್‌ಬಾಲ್ ಆಟ ಶುರುವಾದ ಮೇಲೆ ಅವಳೂ ಬೆಳಿಗ್ಗೆ ಒಂದು ಗಂಟೆ ಆಡಲು ಹೋಗುತ್ತಿದ್ದಳು. ತೂತು ತೂತಿನ ಪ್ಲಾಸ್ಟಿಕ್ ಚೆಂಡು, ಚಿಕ್ಕ ಹಿಡಿಯ ಅಗಲವಾದ ಬ್ಯಾಟು. ಅಂಗಳ ಚಿಕ್ಕದು, ವಯಸ್ಸಾದವರೂ ಆಡಬಹುದು. ಅಲ್ಲಿಂದ ಬಂದ ದಿನ ಅವಳ ಮುಖವೇ ಬೇರೆ ಇರುತ್ತಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಪಾದದ ಗಂಟಿನಲ್ಲಿ ಮೂಳೆಗಳನ್ನು ಬಿಗಿದು ಹಿಡಿಯುವ ನಾರು ಅರ್ಧ ಹರಿದಿತ್ತು. ಆರು ವಾರ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು. ಅವಳ ಅಂಚೆ ಚೀಲ ಬೇರೆಯವರ ಹೆಗಲಿಗೆ ಹೋಯಿತು.

"ನಲವತ್ತಾರು ವರ್ಷದೋಳಿಗೆ ಆಟ ಯಾಕೆ ಬೇಕಿತ್ತು ಹೇಳು?" ಅಂಟಣ್ಣ ಮನೆಗೆ ಬಂದವನೇ ರೇಗಿದ. "ನಾಳೆಯಿಂದ ಆ ಅಂಗಳದ ಕಡೆ ತಲೆ ಹಾಕಿಯೂ ಮಲಗಬೇಡ!"

"ಆಟ ಏನು ಮಾಡ್ತು ರೀ? ನಾನು ಓಡಲೂ ಇಲ್ಲ. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟೆ ಅಷ್ಟೆ. ಶೂ ಅಲ್ಲೇ ನಿಂತುಬಿಡ್ತು, ನಾನು ಮುಂದಕ್ಕೆ ಹೋದೆ."

"ಶೂ ಮೇಲೆ ಯಾಕೆ ಹಾಕ್ತೀಯ? ನನ್ನ ಕೈಯಾರೆ ಅಟ್ಟೆ ಹಾಕಿದ ಶೂ ಅದು. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ!"

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ನಡೆದದ್ದು ಇಷ್ಟು. ಒಂದು ತಿಂಗಳ ಹಿಂದೆ ಅವಳು, ಓಡುವ ಶೂ ಹಾಕಿಕೊಂಡು ಆಡಿದರೆ ಅಂಗಳದ ದೂಳಿನಲ್ಲಿ ಜಾರುತ್ತದೆ ಎಂದಿದ್ದಳು. ಜಾರಬಾರದು, ಅಷ್ಟೇ ತಾನೆ ಎಂದುಕೊಂಡ ಅಂಟಣ್ಣ ಲಾರಿಯ ಹಳೇ ಟೈರು ಕತ್ತರಿಸಿ ಅಟ್ಟೆಯ ಕೆಳಗೆ ಅಂಟಿಸಿದ್ದ. ಹಿಮ್ಮಡಿ ನೋಯದಿರಲಿ ಎಂದು ಒಳಗೆ ಇನ್ನೊಂದು ಮೆತ್ತೆ ಇಟ್ಟಿದ್ದ. ಅದನ್ನು ನೋಡಿ ಅವಳ ಜೊತೆ ಆಡುವ ನಾಲ್ಕು ಮಂದಿ ತಮ್ಮ ಶೂಗಳನ್ನೂ ತಂದುಕೊಟ್ಟಿದ್ದರು. ನಾಲ್ಕು ಜೊತೆಗೂ ಟೈರು ಹಾಕಿದ್ದ. ಪ್ರೀತಿಯಿಂದಲೇ ಹಾಕಿದ್ದ.

ಹತ್ತನೇ ದಿನ ಇಬ್ಬರೂ ಮತ್ತೆ ಆಸ್ಪತ್ರೆಗೆ ಹೋದರು. ಅಲ್ಲಿಯ ಫಿಸಿಯೋ ಡಾಕ್ಟರಮ್ಮ, ಬಿದ್ದ ದಿನ ತೊಟ್ಟಿದ್ದ ಶೂ ತರಲು ಹೇಳಿದ್ದರು. ಅಂಟಣ್ಣ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಒಂದೇ ಬೆರಳಿನಿಂದ ಶೂವನ್ನು ಪಕ್ಕಕ್ಕೆ ತಳ್ಳಿದರು. ಅದು ವಾಲಿ ಬಿತ್ತು.

"ನೋಡಿ ಅಕ್ಕಾ, ಇದು ಓಡೋರ ಶೂ. ಅವರು ನೇರ ಮುಂದಕ್ಕೆ ಹೋಗ್ತಾರೆ, ಅದಕ್ಕೆ ಹಿಮ್ಮಡಿ ಎತ್ತರ, ಮೆತ್ತಗೆ. ನಿಮ್ಮ ಆಟದಲ್ಲಿ ಎಡಕ್ಕೆ ಹೋಗ್ಬೇಕು, ಬಲಕ್ಕೆ ಹೋಗ್ಬೇಕು, ತಟ್ಟನೆ ನಿಲ್ಬೇಕು. ದಿಂಬಿನ ಮೇಲೆ ನಿಂತು ಪಕ್ಕಕ್ಕೆ ಜಿಗಿದ್ರೆ ಏನಾಗತ್ತೆ ಹೇಳಿ?"

ಆಮೇಲೆ ಶೂ ಮಗುಚಿ ನೋಡಿದವರು ನಕ್ಕುಬಿಟ್ಟರು. "ಅಯ್ಯಯ್ಯೋ, ಯಾವ ಪುಣ್ಯಾತ್ಮ ಲಾರಿ ಟೈರು ತಂದು ಮೆತ್ತಿದಾನೆ ಇದಕ್ಕೆ!"

ಹೆಂಡತಿ ಕಿಟಕಿಯ ಕಡೆ ನೋಡುತ್ತಿದ್ದಳು. ಅಂಟಣ್ಣ ಎರಡೂ ಕೈಗಳನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಜಾರಬಾರದು ಅಂತ ಮಾಡಿರ್ಬೇಕು, ಪಾಪ," ಡಾಕ್ಟರಮ್ಮ ನಗು ನಿಲ್ಲಿಸಿ ಹೇಳಿದರು. "ಆದ್ರೆ ಅಟ್ಟೆ ನೆಲಾನ ಹೀಗೆ ಕಚ್ಚಿಕೊಂಡ್ರೆ ಮೈ ತಿರುಗತ್ತೆ, ಪಾದ ತಿರುಗಲ್ಲ. ಏಟು ತಿನ್ನೋದು ನಡುವೆ ಇರೋ ಮೊಣಕಾಲು, ಪಾದದ ಗಂಟು. ಜಾರಲೂಬಾರದು, ಕಚ್ಚಲೂಬಾರದು."

"ಮತ್ತೆ... ಎಂಥಾ ಶೂ ಆಗ್ಬೇಕಮ್ಮಾ?" ಅಂಟಣ್ಣ ಮೆಲ್ಲಗೆ ಕೇಳಿದ.

ಡಾಕ್ಟರಮ್ಮ ಕಪಾಟಿನಿಂದ ತಮ್ಮದೇ ಜೊತೆ ತೆಗೆದು ಕೊಟ್ಟರು. ಅಂಗಳದ ಆಟಕ್ಕೆಂದೇ ಮಾಡಿದ ಕೋರ್ಟ್ ಶೂ. ಅಂಟಣ್ಣ ಜೇಬಿನಿಂದ ಕೈ ತೆಗೆಯಲೇಬೇಕಾಯಿತು. ಕಣ್ಣಿಗಿಂತ ಮೊದಲು ಕೈಗೆ ತಿಳಿಯಿತು. ಹಿಮ್ಮಡಿ ತಗ್ಗು. ಅಟ್ಟೆ ಚಪ್ಪಟೆ, ಮುಂದೆ ಅಗಲ. ಪಾದ ಹೊರಗೆ ವಾಲದಂತೆ ಎರಡೂ ಪಕ್ಕಕ್ಕೆ ಗಟ್ಟಿ ಪಟ್ಟಿ. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿದ, ನಡುಭಾಗ ಜಗ್ಗಲಿಲ್ಲ. ಬೆರಳು ಮಡಿಯುವ ಕಡೆ ಮಾತ್ರ ಬಾಗಿತು. ಅಟ್ಟೆಯ ತುಂಬ ಮೀನಿನ ಮುಳ್ಳಿನಂಥ ಸಣ್ಣ ಗೆರೆಗಳು.

"ನಿಮಗೆ ಶೂ ವಿಷಯ ಚೆನ್ನಾಗಿ ಗೊತ್ತಿರೋ ಹಾಗಿದೆ, ಯಜಮಾನ್ರೇ," ಎಂದರು ಡಾಕ್ಟರಮ್ಮ.

"ಗೊತ್ತು ಅಂದ್ಕೊಂಡಿದ್ದೆ," ಎಂದ ಅಂಟಣ್ಣ.

ಆಟೋ ಅರ್ಧ ದಾರಿ ಬಂದಾಗ ಅಂಟಣ್ಣ ಹೆಂಡತಿಯ ಕಡೆ ತಿರುಗಿದ.

"ಟೈರು ಹಾಕಿದ್ದು ನಾನೇ ಅಂತ ನೀನು ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾಯ್ತಿದ್ದೆ."

ಅವನು ತಲೆ ತಗ್ಗಿಸಿದ. ಅವಳು ಪಟ್ಟಿ ಕಟ್ಟಿದ ಕಾಲನ್ನು ಸರಿಯಾಗಿಟ್ಟುಕೊಂಡು ಹೇಳಿದಳು: "ನನ್ನ ಕಾಲು ಆಯ್ತು, ಬಿಡಿ. ನಾಳೆ ಬೆಳಿಗ್ಗೆ ಅವರು ನಾಲ್ಕು ಜನ ಆಡೋಕೆ ಬರ್ತಾರೆ ರೀ. ಅದೇ ಶೂ ಹಾಕ್ಕೊಂಡು."

"ಹೋಗಿ ಹೇಳಿದ್ರೆ ಅಂಗಡಿ ಹೆಸರು ಹೋಗತ್ತೆ ಕಣೇ."

"ಹೇಳದಿದ್ರೆ ಇನ್ಯಾರದ್ದೋ ಕಾಲು ಹೋಗತ್ತೆ."

ಮರುದಿನ ಅಂಟಣ್ಣ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಕತ್ತಿ, ಇಕ್ಕಳ ಚೀಲಕ್ಕೆ ಹಾಕಿಕೊಂಡು ಅಂಗಳಕ್ಕೆ ನಡೆದ. ಆಟ ಆಗಲೇ ಶುರುವಾಗಿತ್ತು. ಗಣಿತದ ಮೇಷ್ಟ್ರು ಚೆಂಡು ಎತ್ತಿಕೊಳ್ಳುತ್ತಾ ಕೂಗಿದರು, "ಏನಯ್ಯಾ ಅಂಟಣ್ಣ, ಹೆಂಡತಿ ಜಾಗಕ್ಕೆ ನೀನು ಬಂದ್ಯಾ?"

"ಆಟ ನಿಲ್ಸಿ ಮೇಷ್ಟ್ರೇ. ಎಲ್ಲಾರೂ ಶೂ ಬಿಚ್ಚಿ."

"ಯಾಕಪ್ಪಾ? ಭದ್ರವಾಗಿದೆ. ಒಂಚೂರೂ ಬಿಟ್ಟುಕೊಂಡಿಲ್ಲ."

"ಬಿಟ್ಟುಕೊಂಡಿದ್ರೆ ಚೆನ್ನಾಗಿತ್ತು," ಎಂದ ಅಂಟಣ್ಣ. "ಅವಳು ಬಿದ್ದದ್ದು ನಾನು ಹಾಕಿದ ಅಟ್ಟೆಯಿಂದ. ನಿಮಗೂ ಅದನ್ನೇ ಹಾಕಿಕೊಟ್ಟಿದೀನಿ. ತಪ್ಪಾಯ್ತು."

ಲೈಬ್ರರಿಯ ಅಕ್ಕ ಮೊದಲು ಕೂತು ಲೇಸು ಬಿಚ್ಚಿದರು. "ಮೊನ್ನೆಯಿಂದ ನನಗೂ ಮೊಣಕಾಲು ಹಿಡಿದಂತಾಗ್ತಿದೆ," ಎಂದರು. "ವಯಸ್ಸಾಯ್ತು ಅಂದ್ಕೊಂಡಿದ್ದೆ."

"ವಯಸ್ಸೋ ಟೈರೋ ನನಗೆ ಗೊತ್ತಿಲ್ಲ ಅಕ್ಕಾ. ಡಾಕ್ಟ್ರಿಗೆ ತೋರಿಸಿ. ಶೂ ಮಾತ್ರ ಇಲ್ಲಿ ಕೊಡಿ."

ಒಬ್ಬೊಬ್ಬರಾಗಿ ನಾಲ್ವರೂ ಬರಿಗಾಲಲ್ಲಿ ಕಟ್ಟೆಯ ಮೇಲೆ ಕೂತರು. ಅಂಟಣ್ಣ ಒಂದು ಶೂ ತೊಡೆಯ ನಡುವೆ ಸಿಕ್ಕಿಸಿಕೊಂಡು ಟೈರಿನ ಅಂಚಿಗೆ ಇಕ್ಕಳ ಹಾಕಿ ಎಳೆದ. ಬರಲಿಲ್ಲ. ಕತ್ತಿಯಿಂದ ಬಿಡಿಸಿ ಮತ್ತೆ ಎಳೆದ. ತನ್ನ ಅಂಟು ಎಷ್ಟು ಗಟ್ಟಿ ಎಂಬುದು ಅವನಿಗೆ ಆವತ್ತು ಗೊತ್ತಾಯಿತು. ಎಂಟು ಅಟ್ಟೆ ಕೀಳುವ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಇವು ನಡೆಯೋಕಾಗತ್ತೆ, ಆಡೋಕಲ್ಲ," ಎಂದು ಶೂಗಳನ್ನು ವಾಪಸು ಕೊಟ್ಟ. "ಕೋರ್ಟ್ ಶೂ ತರೋವಾಗ ನನ್ನನ್ನೂ ಕರೀರಿ. ತಿರುಚಿ ನೋಡಿ ಹೇಳ್ತೀನಿ."

ಆರು ವಾರ ಕಳೆಯಿತು. ಅಂಚೆ ಚೀಲ ಮತ್ತೆ ಅವಳ ಹೆಗಲಿಗೆ ಬಂತು. ಡಾಕ್ಟರಮ್ಮ ಆಡಬಹುದು ಎಂದದ್ದು ಅದಕ್ಕೂ ಒಂದು ತಿಂಗಳ ನಂತರ. ಆ ಬೆಳಿಗ್ಗೆ ಅವಳ ಹೊಸ ಕೋರ್ಟ್ ಶೂಗಳ ಲೇಸನ್ನು ಅಂಟಣ್ಣ ತಾನೇ ಕಟ್ಟಿದ. ಅವಳು ಅಂಗಳದ ಗೆರೆಯ ಒಳಗೆ ಹೋಗಿ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಳು. ನಿಂತಳು. ಇನ್ನೊಂದು ಹೆಜ್ಜೆ ಇಟ್ಟಳು.

"ಹ್ಞೂಂ, ಈಗ ನೆಲ ಡೊಂಕಿಲ್ಲ ರೀ," ಎಂದಳು. ಅಂಟಣ್ಣ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಸರಿಯಾದ ಶೂ ಹಾಕಿದರೆ ಬೀಳುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ತಪ್ಪು ಶೂ ಹಾಕಿ ಬೀಳುವುದು ಬೇಡ ಎನ್ನುತ್ತಿದ್ದೇವೆ, ಅಷ್ಟೆ. ಓಡುವ ಶೂ ಓಡುವುದಕ್ಕಿರಲಿ, ಅಂಗಳಕ್ಕೆ ಕೋರ್ಟ್ ಶೂ ಇರಲಿ. ಕೊಳ್ಳಲು ಸಂಜೆ ಹೋಗಿ, ದಿನವೆಲ್ಲ ನಡೆದ ಪಾದ ಸ್ವಲ್ಪ ಊದಿರುತ್ತದೆ. ಆಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು ನೋಡಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರಲಿ, ಹಿಮ್ಮಡಿ ಮಾತ್ರ ಒಳಗೆ ಮೇಲೆ ಕೆಳಗೆ ಆಡಬಾರದು. ಅಟ್ಟೆಯ ಗೆರೆ ಸವೆದು ನುಣುಪಾದರೆ ಅದರ ಕಾಲ ಮುಗಿಯಿತೆಂದು ತಿಳಿಯಿರಿ. ಮನೆಯ ಜಾಣತನದಿಂದ ಅದಕ್ಕೆ ಏನನ್ನೂ ಅಂಟಿಸಬೇಡಿ. ನೋವಿದ್ದರೆ ವಯಸ್ಸಿನ ಮೇಲೆ ಹಾಕಿ ಕೂರದೆ ವೈದ್ಯರಿಗೆ ತೋರಿಸಿ.

ಈ ಹಾಳೆಯನ್ನು ಕೆಳಗಿಡಿ. ಎದ್ದು ಬಾಗಿಲ ಬಳಿ ಹೋಗಿ, ನಾಳೆ ಬೆಳಿಗ್ಗೆ ನೀವು ಆಡಲು ಹಾಕಿಕೊಳ್ಳುವ ಶೂವನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ವಾಲಿ ಬಿದ್ದರೆ ಅದು ಅಂಗಳದ ಆಟಕ್ಕಲ್ಲ. ನಿಮ್ಮ ಜೊತೆ ಆಡುವವರ ಶೂವನ್ನೂ ನೋಡಿ. ತಪ್ಪು ಕಂಡರೆ ಅವರಿಗೆ ಹೇಳಲು ನಾಚಬೇಡಿ.