ನಮ್ಮ ಮಗಳು ಹಾಗೆ ಮಾಡೋಳಲ್ಲ

ಶಾಲೆಯಿಂದ ಹಗಲು ಹೊತ್ತಿನಲ್ಲಿ ಫೋನ್ ಬಂದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ಮಗುವಿಗೆ ಜ್ವರ ಬಂತೋ, ಬಿದ್ದು ಪೆಟ್ಟಾಯಿತೋ, ಯಾರಾದರೂ ಹೊಡೆದರೋ ಎಂದು ಮನಸ್ಸು ಓಡುತ್ತದೆ. ನಮ್ಮ ಮಗುವೇ ಇನ್ನೊಬ್ಬರಿಗೆ ಹೊಡೆದಿರಬಹುದು ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ನ್ಯೂಜಿಲೆಂಡಿನ ನ್ಯೂ ಲಿನ್‌ನಲ್ಲಿರುವ ವಂದನಾಗೂ ಹೊಳೆಯಲಿಲ್ಲ. ೨೦೧೪ರ ಜೂನ್ ತಿಂಗಳು. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೇ ಫೋನ್ ಬಂತು. ಮಾತಾಡಿದವರು ಮಗಳ ಶಾಲೆಯ ಡೀನ್. ಅಂದರೆ ಆ ವಯಸ್ಸಿನ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಟೀಚರ್.

"ಹರ್ಷಿತಾ ಇವತ್ತು ಮೆಟ್ಟಿಲ ಮೇಲಿಂದ ಸೀನಾ ಎನ್ನುವ ಹುಡುಗಿಯನ್ನು ತಳ್ಳಿದ್ದಾಳೆ. ಸೀನಾಳ ಮಣಿಕಟ್ಟು ಮುರಿದಿದೆ. ನೀವು ಬಂದು ಮಗಳನ್ನು ಕರೆದುಕೊಂಡು ಹೋಗಬೇಕು. ಮೂರು ದಿನ ಅವಳು ಶಾಲೆಗೆ ಬರುವ ಹಾಗಿಲ್ಲ."

"ಇಲ್ಲ, ನಮ್ಮ ಮಗಳು ಹಾಗೆ ಮಾಡೋಳಲ್ಲ. ಬೇರೆ ಯಾರೋ ಇರಬೇಕು," ಎಂದಳು ವಂದನಾ.

"ಆರು ಮಕ್ಕಳು ಕಣ್ಣಾರೆ ನೋಡಿದ್ದಾರೆ. ಹರ್ಷಿತಾಳೂ ಒಪ್ಪಿಕೊಂಡಿದ್ದಾಳೆ."

ಹರ್ಷಿತಾಗೆ ಹದಿಮೂರು ವರ್ಷ. ಗಣಿತದಲ್ಲಿ ತರಗತಿಗೇ ಮೊದಲು. ಕನ್ನಡ ಕೂಟದ ಯುಗಾದಿಯಲ್ಲಿ ಚೆನ್ನಾಗಿ ಹಾಡಿ ಎಲ್ಲರಿಂದ ಭೇಷ್ ಅನ್ನಿಸಿಕೊಂಡವಳು. ಮನೆಗೆ ಬರುವ ದಾರಿಯಲ್ಲಿ ವಂದನಾ ಎಷ್ಟು ಕೇಳಿದರೂ ಅವಳು ಕಾರಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಸಂಜೆ ಅಪ್ಪ ಕೇದಾರ್ ಆಫೀಸಿನಿಂದ ಬಂದ. ವಿಷಯ ಕೇಳಿದ. "ಯಾಕೆ ತಳ್ಳಿದೆ?" ಎಂದ. ಹರ್ಷಿತಾ ಭುಜ ಕುಣಿಸಿದಳು. ಕೇದಾರ್ ಅವಳ ಕೆನ್ನೆಗೆ ಬಾರಿಸಿದ.

ಸೋಫಾದ ಮೇಲೆ ಕೇದಾರನ ತಂದೆ ವೀರಭದ್ರಪ್ಪ ಕೂತಿದ್ದರು. ದಾವಣಗೆರೆ ಕಡೆಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಮಗನ ಮನೆಯಲ್ಲಿ ಆರು ತಿಂಗಳಿದ್ದು ಹೋಗಲು ಬಂದಿದ್ದರು.

"ಈ ಕೆಲಸ ಮೊದಲೇ ಮಾಡಬೇಕಿತ್ತು," ಎಂದರು ಅವರು. "ಈ ದೇಶದಾಗೆ ಮೇಷ್ಟ್ರು ಹುಡುಗರ ಮೈ ಮುಟ್ಟಂಗಿಲ್ಲ. ಬೆತ್ತ ಇಲ್ಲದ ಶಾಲೇಲಿ ಶಿಸ್ತು ಎಲ್ಲಿಂದ ಬರಬೇಕು?"

ಹರ್ಷಿತಾ ಅಳಲಿಲ್ಲ. ಅಜ್ಜನ ಕಡೆ ತಿರುಗಿದಳು. "ಅಪ್ಪ ಹೊಡೆದ್ರೆ ಡಿಸಿಪ್ಲಿನ್. ನಾನು ತಳ್ಳಿದ್ರೆ ವಯಲೆನ್ಸ್. ಎರಡಕ್ಕೂ ಏನು ಡಿಫರೆನ್ಸ್, ಅಜ್ಜಾ?"

ಅಷ್ಟು ಉದ್ದದ ಕನ್ನಡವನ್ನು ಅವಳು ಆಡಿದ್ದನ್ನು ಮನೆಯವರು ಕೇಳಿ ಎಷ್ಟೋ ದಿನವಾಗಿತ್ತು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ವಂದನಾ ಗೆಳತಿ ಅರುಂಧತಿಗೆ ಫೋನ್ ಮಾಡಿದಳು. ಅರುಂಧತಿ ಮೈಸೂರಿನವಳು. ಇಲ್ಲಿಗೆ ಓದಲು ಬಂದು, ಇಲ್ಲೇ ಟೀಚರಾಗಿ ಹನ್ನೆರಡು ವರ್ಷವಾಗಿತ್ತು. ಅವಳ ಶಾಲೆ ಬೇರೆ. ಸಂಜೆ ನಾಲ್ಕಕ್ಕೆ ಶಾಲೆ ಮುಗಿಸಿ ನೇರ ಇವರ ಮನೆಗೆ ಬಂದಳು.

"ಸ್ಕೂಲಿನವರು ಎರಡೂ ಮನೆಯವರನ್ನ ಕೂರಿಸಿ ಮಾತಾಡಿಸ್ತಾರಂತೆ. ಶುಕ್ರವಾರ ಮೀಟಿಂಗ್," ಎಂದಳು ವಂದನಾ. "ಹೋಗಬೇಕಾ, ಬೇಡವಾ?"

"ಯಾಕೆ ಹೋಗಬೇಕು?" ಎಂದ ಕೇದಾರ್. "ನಮ್ಮನ್ನ ಕೂರಿಸಿ ಮರ್ಯಾದೆ ತೆಗೀತಾರೆ. ಬೇರೆ ಶಾಲೆಗೆ ಹಾಕಿದ್ರಾಯ್ತು."

"ಬೇರೆ ಶಾಲೇಲೂ ಮೆಟ್ಟಿಲಿರುತ್ತೆ ಕೇದಾರ್," ಎಂದಳು ಅರುಂಧತಿ. "ತಪ್ಪೇನು ಅಂತ ಗೊತ್ತಾಗದೆ ಜಾಗ ಬದಲಾಯಿಸಿದ್ರೆ ಏನು ಬಂತು? ಮರ್ಯಾದೆ ತೆಗೆಯೋ ಮೀಟಿಂಗ್ ಅಲ್ಲ ಅದು. ಪೆಟ್ಟು ತಿಂದ ಮಗು ತನಗೇನಾಯ್ತು ಅಂತ ಹೇಳುತ್ತೆ. ಪೆಟ್ಟು ಕೊಟ್ಟ ಮಗು ಕೂತು ಕೇಳಬೇಕು. ಆಮೇಲೆ ಏನು ಮಾಡಿದ್ರೆ ಸರಿ ಹೋಗುತ್ತೆ ಅಂತ ಎಲ್ಲರೂ ಸೇರಿ ಬರೆದಿಡ್ತಾರೆ."

ವೀರಭದ್ರಪ್ಪನವರು ನಕ್ಕರು. "ಬರೇ ಮಾತಿಗೆ ಹುಡುಗರು ಬಗ್ತಾರೇನಮ್ಮಾ?"

"ಮೇಷ್ಟ್ರೇ, ಎಲ್ಲರ ಎದುರು ಕೂತು, ತಾನು ಕೈ ಮುರಿದ ಹುಡುಗಿಯ ಮುಖ ನೋಡೋದಿದೆಯಲ್ಲ, ಎರಡು ಏಟು ತಿಂದು ಎದ್ದು ಹೋಗೋದಕ್ಕಿಂತ ಅದು ಕಷ್ಟ. ನೀವೇ ಬಂದು ನೋಡಿ." ಆಮೇಲೆ ಅವಳು ಕೇದಾರನ ಕಡೆ ತಿರುಗಿದಳು. "ಇನ್ನೊಂದು ಮಾತು. ಹೆದರಿಸೋಕೆ ಹೇಳ್ತಿಲ್ಲ, ಗೆಳತಿಯಾಗಿ ಹೇಳ್ತಿದ್ದೀನಿ. ಇಲ್ಲಿ ಮನೇಲೂ ಮಕ್ಕಳನ್ನ ತಿದ್ದೋಕೆ ಅಂತ ಹೊಡೆಯೋ ಹಾಗಿಲ್ಲ. ಅದು ಕಾನೂನು. ಕಾನೂನು ಬಿಡಿ, ನಿನ್ನೆ ಹೊಡೆದ್ರಲ್ಲ, ಅವಳು ಯಾಕೆ ತಳ್ಳಿದ್ಲು ಅಂತ ನಿಮಗೆ ಗೊತ್ತಾಯ್ತಾ?"

ಕೇದಾರ್ ತಲೆ ತಗ್ಗಿಸಿದ. ಗೊತ್ತಾಗಿರಲಿಲ್ಲ.

ಶುಕ್ರವಾರ ಮನೆಯ ನಾಲ್ವರೂ ಹೋದರು. ಒಂದು ಚಿಕ್ಕ ಕೋಣೆ. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಎದುರಿಗೆ ಸೀನಾ, ಅವಳ ತಾಯಿ, ಅವಳ ಅಜ್ಜಿ. ಸಮೋವಾ ಎಂಬ ದ್ವೀಪದೇಶದಿಂದ ಬಂದು ನೆಲೆಸಿದ ಕುಟುಂಬ ಅದು. ಸೀನಾಳ ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಡೀನ್ ಇಲ್ಲಿನ ಮೂಲನಿವಾಸಿಗಳ ಮಾವೋರಿ ಭಾಷೆಯಲ್ಲಿ ನಾಲ್ಕು ಸಾಲು ಪ್ರಾರ್ಥನೆ ಹೇಳಿ, ಸೀನಾಗೆ ಮಾತಾಡಲು ಹೇಳಿದರು. ವಂದನಾ ಮಾವನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದಳು.

"ಕೈ ನೋವು ಕಡಿಮೆಯಾಗ್ತಿದೆ," ಎಂದಳು ಸೀನಾ. "ಆದರೆ ಮಾರ್ಚ್‌ನಿಂದ ಹರ್ಷಿತಾ ಮತ್ತೆ ಅವಳ ಇಬ್ಬರು ಗೆಳತಿಯರು ನಾನು ಕೂತ ಬೆಂಚಿನಿಂದ ಎದ್ದು ಹೋಗ್ತಾರೆ. ವಾಸನೆ ಅಂತ ಮೂಗು ಮುಚ್ಕೋತಾರೆ. ನಾನು ಊಟದ ಹೊತ್ತಲ್ಲಿ ಟಾಯ್ಲೆಟ್ಟಲ್ಲಿ ಕೂತಿರ್ತಿದ್ದೆ. ಕೊನೆಗೆ ಟೀಚರಿಗೆ ಹೇಳಿದೆ. ಮಾರನೇ ದಿನವೇ ಹರ್ಷಿತಾ ಚಾಡಿಕೋರಿ ಅಂತ ಬೈದು ತಳ್ಳಿದಳು. ನೆಟ್‌ಬಾಲ್ ಟೀಮಿಗೆ ಸೆಲೆಕ್ಟ್ ಆಗಿದ್ದೆ. ಈ ವರ್ಷ ಆಡೋಕಾಗಲ್ಲ."

ಅವಳ ಅಜ್ಜಿ ನಿಧಾನವಾಗಿ ಹೇಳಿದರು: "ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನೋಳು. ನಾಟಕ ಅಂದ್ಕೊಂಡು ನಾನೇ ಬೈದು ಶಾಲೆಗೆ ಕಳಿಸಿದೆ."

ಡೀನ್ ಹರ್ಷಿತಾಳನ್ನು ಕೇಳಿದರು, "ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು?"

ಅವಳು ಸೀನಾಳ ಪ್ಲಾಸ್ಟರ್ ನೋಡುತ್ತಲೇ ಹೇಳಿದಳು. "ಅವಳು ಹೇಳಿಬಿಟ್ಟಳು ಅಂತ ಸಿಟ್ಟು ಬಂತು. ಮನೇಲಿ ಗೊತ್ತಾದ್ರೆ ಏಟು ಬೀಳುತ್ತೆ ಅಂತ ಭಯ ಆಯ್ತು. ಅವಳು ಊಟ ಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ." ಸೀನಾಳ ಮುಖ ನೋಡಿದಳು. "ಇಲ್ಲ. ಗೊತ್ತಿತ್ತು."

ಆಗ ಅಳು ಬಂತು. ಅಪ್ಪನ ಏಟಿಗೂ ಬಾರದ ಅಳು.

ವೀರಭದ್ರಪ್ಪನವರು ಕೈಯೆತ್ತಿ, ತಾವೂ ಒಂದು ಮಾತು ಆಡಬಹುದೇ ಎಂದು ಕೇಳಿದರು. ಅವರ ಮಾತನ್ನು ಕೇದಾರ್ ಇಂಗ್ಲಿಷಿನಲ್ಲಿ ಹೇಳತೊಡಗಿದ.

"ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದೆ. ನಾನು ವರಾಂಡದಾಗೆ ಬಂದ್ರೆ ಇಡೀ ಶಾಲೆ ಗಪ್‌ಚಿಪ್. ಅದೇ ಶಿಸ್ತು ಅಂತ ತಿಳಿದಿದ್ದೆ. ಎಂಟನೇ ಕ್ಲಾಸಿನ ಭೀಮಸೇನ ಅಂತ ಒಬ್ಬನಿಗೆ ಲೆಕ್ಕ ಮಾಡಿಲ್ಲ ಅಂತ ಬೆತ್ತ ಮುರಿಯೋವರೆಗೆ ಹೊಡೆದೆ. ಅವತ್ತೇ ಸಂಜೆ ಅವನು ಬೋರಿನ ಹಿಂದೆ ಒಬ್ಬ ಸಣ್ಣ ಹುಡುಗನ ಹಲ್ಲು ಉದುರಿಸಿದ. ನಾನು ಅವನನ್ನ ಮತ್ತೆ ಹೊಡೆದೆ. ಯಾಕೋ ಅಂತ ಒಂದು ದಿನಾನೂ ಕೇಳಲಿಲ್ಲ. ನನ್ನ ಕಣ್ಣೆದುರಿಗೆ ಸುಮ್ಮನಿದ್ರು, ಅಷ್ಟೆ. ಕಣ್ಮರೆಯಾದ ಮೇಲೆ ಅವರೇನು ಮಾಡಿದ್ರೋ ನನಗೆ ಗೊತ್ತೇ ಇಲ್ಲ." ಅವರು ಮಗನನ್ನು ನೋಡಿದರು. "ಕೇದಾರಾ, ನಿನಗೂ ಹಂಗೇ ಹೊಡೆದು ಬೆಳೆಸಿದೆ. ನೀನು ಅದನ್ನೇ ಕಲಿತೆ."

ಕೊನೆಯ ಮಾತನ್ನು ಕೇದಾರನಿಗೆ ಇಂಗ್ಲಿಷಿನಲ್ಲಿ ಹೇಳಲಾಗಲಿಲ್ಲ. ವಂದನಾ ಹೇಳಿದಳು.

ಅಂದು ಒಂದು ಹಾಳೆಯಲ್ಲಿ ಕೆಲವು ಮಾತು ಬರೆದು ಎಲ್ಲರೂ ಸಹಿ ಹಾಕಿದರು. ಹರ್ಷಿತಾ ತನ್ನ ಗೆಳತಿಯರ ಎದುರೇ ಸೀನಾಳ ಕ್ಷಮೆ ಕೇಳಬೇಕು. ಸೀನಾ ತಾನಾಗಿ ಮಾತಾಡಿಸುವವರೆಗೆ ಅವಳ ಬಳಿಗೆ ಹೋಗಬಾರದು. ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಕೂತು ಮಾತಾಡಬೇಕು. ಕೆಳಗೆ ಇನ್ನೊಂದು ಸಾಲನ್ನು ಕೇದಾರ್ ತಾನೇ ಕೇಳಿ ಬರೆಸಿದ: ಮನೆಯಲ್ಲಿ ಇನ್ನು ಕೈ ಎತ್ತುವುದಿಲ್ಲ.

ಅದು ಸುಲಭವಾಗಿರಲಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಹರ್ಷಿತಾ ಅಮ್ಮನಿಗೆ ಎದುರು ಮಾತಾಡಿ ತಟ್ಟೆ ನೂಕಿದಳು. ಕೇದಾರನ ಕೈ ಮೇಲೆ ಹೋಯಿತು. ಅಲ್ಲೇ ನಿಂತಿತು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬೀದಿ ಸುತ್ತಿ ಬಂದ. "ಬಾ, ಕೂತ್ಕೋ. ಏನಾಯ್ತು ಹೇಳು," ಎಂದ. ಅವಳು ಹೇಳಿದಳು. ಹಳೆಯ ಗೆಳತಿಯರಿಬ್ಬರೂ ಅವಳನ್ನು ಬಿಟ್ಟಿದ್ದರು. ಊಟದ ಹೊತ್ತಿನಲ್ಲಿ ಈಗ ಅವಳೂ ಒಬ್ಬಳೇ. ಅಪ್ಪನೂ ಮಗಳೂ ಒಂದು ಗಂಟೆ ಕೂತಿದ್ದರು. ಕೊನೆಗೆ ಅಮ್ಮನ ಹತ್ತಿರ ಹೋಗಿ ಅವಳು ತಪ್ಪಾಯ್ತು ಎಂದಳು. ನೆಲದ ಮೇಲೆ ಚೆಲ್ಲಿದ್ದ ಅನ್ನವನ್ನು ಅವಳೇ ಬಳಿದಳು.

ಸೀನಾ ಮುಂದಿನ ವರ್ಷ ನೆಟ್‌ಬಾಲ್ ಟೀಮಿಗೆ ಮರಳಿದಳು. ಅವಳೂ ಹರ್ಷಿತಾಳೂ ಸ್ನೇಹಿತೆಯರಾಗಲಿಲ್ಲ. ಆದರೆ ಸೀನಾ ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ಊಟ ಮಾಡತೊಡಗಿದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಶಾಲೆಯಿಂದ ಫೋನ್ ಬಂದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. "ನಮ್ಮ ಮಗು ಹಾಗಲ್ಲ" ಎಂದು ಫೋನ್ ಇಡಬೇಡಿ. ಕರೆದ ಮೀಟಿಂಗಿಗೆ ಹೋಗಿ. ಇಂಗ್ಲಿಷ್ ಕಷ್ಟವಾದರೆ ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಗು ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಅಂದರೆ, ಊಟದ ಡಬ್ಬಿ ಹಾಗೇ ವಾಪಸು ತಂದರೆ, ಬೈಯುವ ಮುಂಚೆ ಶಾಲೆಗೊಂದು ಮಾತು ಕೇಳಿ. ಹೊಡೆದು ಬಾಯಿ ಮುಚ್ಚಿಸಬೇಡಿ. ಬಾಯಿ ಮುಚ್ಚಿದ ಮಗು ಯಾವ ಪೆಟ್ಟು ತಿಂದು ಬಂತು, ಏನು ಮಾಡಿ ಬಂತು ಎರಡೂ ನಿಮಗೆ ತಿಳಿಯುವುದಿಲ್ಲ. ಇವತ್ತು ಸಂಜೆ ಮಗು ಬಂದಾಗ ಎಷ್ಟು ಮಾರ್ಕ್ಸ್ ಬಂತು ಎಂದು ಆಮೇಲೆ ಕೇಳಿ. ಊಟದ ಹೊತ್ತಿನಲ್ಲಿ ಯಾರ ಜೊತೆ ಕೂತಿದ್ದೆ, ಯಾರು ಒಬ್ಬರೇ ಕೂತಿದ್ದರು ಎಂದು ಮೊದಲು ಕೇಳಿ.