ಅಳದ ಕೂಸು

ಹತ್ತಿಯ ಸುಗ್ಗಿ ಬಂತೆಂದರೆ ಆದವಾನಿಯ ಬಡ ತಾಯಂದಿರಿಗೆ ಒಂದೇ ಚಿಂತೆ. ಹತ್ತಿಯ ಕಾಳು ಬಿಡಿಸುವ ಜಿನ್ನಿನ ಕೆಲಸಕ್ಕೆ ಹೋಗುವಾಗ ಕೂಸನ್ನು ಏನು ಮಾಡಬೇಕು? ಮನೆಯಲ್ಲಿ ಬಿಟ್ಟರೆ ಅದಕ್ಕೆ ಮೊಲೆಹಾಲಿಲ್ಲ. ಸಂಗಡ ಒಯ್ದರೆ ಅಳುತ್ತದೆ. ಕೂಸು ಅತ್ತರೆ ತಾಯಿಯ ಕೈ ನಿಲ್ಲುತ್ತದೆ. ಕೈ ನಿಂತರೆ ಯಂತ್ರಕ್ಕೆ ಹತ್ತಿ ಹಾಕುವವರಿಲ್ಲ. ಆಗ ಮೇಸ್ತ್ರಿ, "ನಾಳಿ ಬರಬ್ಯಾಡ" ಎಂದು ಒಂದೇ ಮಾತು ಹೇಳಿ ಮುಂದೆ ನಡೆಯುತ್ತಾನೆ.

ಲಿಂಗಕ್ಕನಿಗೆ ಈ ಚಿಂತೆ ಇರಲಿಲ್ಲ. ಅವಳ ಆರು ತಿಂಗಳ ಕೂಸು ಅಂಬಿ ಅಳುತ್ತಲೇ ಇರಲಿಲ್ಲ. ಬೆಳಿಗ್ಗೆ ಹತ್ತಿ ತುಂಬಿದ ದೊಡ್ಡ ಚೀಲಗಳ, ಆ ಅಂಡಿಗೆಗಳ ಹಿಂದೆ ಹಳೆಯ ಕೌದಿ ಹಾಸಿ ಮಲಗಿಸಿದರೆ ಸಂಜೆ ಕಾರ್ಖಾನೆಯ ಕೂಗು ಆಗುವವರೆಗೂ ಅಲ್ಲಿಯೇ ಮಲಗಿರುತ್ತಿತ್ತು. "ಕೂಸಂದ್ರ ಲಿಂಗಕ್ಕನ ಕೂಸು ನೋಡ್ರಿ" ಎಂದು ಮೇಸ್ತ್ರಿ ದುರುಗಣ್ಣ ಉಳಿದ ಹೆಂಗಸರಿಗೆ ಹೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗ ಲಿಂಗಕ್ಕನಿಗೆ ಹೆಮ್ಮೆಯಾಗುತ್ತಿತ್ತು.

ಕೂಸು ಅಳದಿರುವುದಕ್ಕೆ ಕಾರಣವಿತ್ತು. ಲಿಂಗಕ್ಕನ ಅತ್ತೆ ಬಸವಕ್ಕ ದಿನವೂ ನಸುಕಿನಲ್ಲಿ ಎಳ್ಳಿನಷ್ಟು ಅಫೀಮನ್ನು ಎದೆಹಾಲಿನಲ್ಲಿ ತೇದು ಕೂಸಿನ ನಾಲಿಗೆಗೆ ಸವರುತ್ತಿದ್ದಳು. ಜಿನ್ನಿಗೆ ಹೋಗುವ ಹೆಂಗಸರ ಮನೆಗಳಲ್ಲೆಲ್ಲ ಇದೇ ರೂಢಿ. ಅದಕ್ಕೆ ಅಫೀಮು ಎಂದು ಯಾರೂ ಹೇಳುತ್ತಿರಲಿಲ್ಲ. ಗುಳಿಗೆ ಎನ್ನುತ್ತಿದ್ದರು. ಹೆಸರು ಬದಲಾದರೆ ವಿಷದ ಭಯವೂ ಕಳೆಯುತ್ತದೆ.

ಒಂದು ರಜೆಯ ದಿನ ರಾಮಲಕ್ಷ್ಮಿ ಅವರ ಮನೆಗೆ ಬಂದಳು. ಅವಳು ಊರಿನ ಹೆರಿಗೆ ಕೇಂದ್ರದ ನರ್ಸು, ತೆಲುಗು ಬೆರೆಸಿ ಮಾತಾಡುವವಳು. ಅಂಬಿಯನ್ನು ಕೈಯಲ್ಲಿ ಹಿಡಿದು ಲೋಕಕ್ಕೆ ತಂದವಳು. ಅಂಗಳದಲ್ಲಿ ಲಿಂಗಕ್ಕನ ಗಂಡ ಮಾರೆಪ್ಪ ಬಂಡಿಯ ಗಾಲಿಗೆ ಎಣ್ಣೆ ಹಾಕುತ್ತಿದ್ದ. ಪೆದ್ದಹರಿವಾಣದ ಕಡೆಯಿಂದ ಜಿನ್ನಿಗೆ ಹತ್ತಿಯ ಬಂಡಿ ಹೊಡೆಯುವುದು ಅವನ ಕೆಲಸ.

"ಏಮಮ್ಮಾ ಬಸವಕ್ಕ, ಹೊತ್ತು ಇಷ್ಟು ಏರೈತಿ, ಕೂಸು ಇನ್ನೂ ಮಲಗೈತಲ್ಲ?"

"ನಮ್ಮ ಅಂಬಿ ಶಾಣ್ಯಾಕಿ ಐದಾಳ. ನಿನ್ನಂಗ ಊರೆಲ್ಲಾ ಬಾಯಿ ಮಾಡಂಗಿಲ್ಲ" ಎಂದಳು ಬಸವಕ್ಕ.

"ಬಾಯಿ ಮಾಡಾಕ ನನಗ ಸರ್ಕಾರ ಪಗಾರ ಕೊಡತೈತಿ ತಲ್ಲೀ" ಎಂದು ನಗುತ್ತ ರಾಮಲಕ್ಷ್ಮಿ ಕೂಸಿನ ಅಂಗಾಲನ್ನು ಚಿವುಟಿದಳು. ಕೂಸು ಕಾಲು ಎಳೆದುಕೊಳ್ಳಲಿಲ್ಲ. ಅವಳ ನಗೆ ನಿಂತಿತು. "ಇದು ನಿದ್ದಿ ಅಲ್ಲ, ಮಂಪರು. ಗುಳಿಗಿ ಹಾಕೀರಿ."

"ಎಳ್ಳಿನಷ್ಟು ಹಾಕೀನಿ. ಅದೇನು ಮಹಾ? ನನ್ನ ಮಗಗೂ ಹಾಕಿದ್ದೆ. ನೋಡಲ್ಲಿ, ಕೋಣನಂಗ ಬೆಳದಾನ."

ಮಾರೆಪ್ಪ ಅಂಗಳದಿಂದಲೇ, "ಯವ್ವಾ, ಎತ್ತು ಅನ್ನಬೇ, ಕೋಣ ಅನಬ್ಯಾಡ" ಎಂದ.

"ಬದುಕಿದವನ ಮಾತು ಹೇಳ್ತಿ ಬಸವಕ್ಕ. ಬದುಕದವರು ಬಂದು ಹೇಳ್ತಾರೇನು?" ಎಂದಳು ರಾಮಲಕ್ಷ್ಮಿ.

ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ ಲಿಂಗಕ್ಕನ ಚೊಚ್ಚಲ ಗಂಡುಕೂಸು ಅಂಡಿಗೆಗಳ ಹಿಂದೆ ಮಲಗಿದ್ದಲ್ಲಿಯೇ ತೀರಿಕೊಂಡಿತ್ತು. "ಅದು ದೃಷ್ಟಿ ಆಗಿತ್ತು" ಎಂದು ಬಸವಕ್ಕ ಮೆಲ್ಲಗೆ ಹೇಳಿದಳು.

ಲಿಂಗಕ್ಕ ಕೇಳಿದಳು: "ಗುಳಿಗಿ ಬಿಟ್ರ ಕೂಸು ಅಳತೈತಿ. ಕೂಸು ಅತ್ತರ ಕೆಲಸ ಹೋಗತೈತಿ. ಏನು ಮಾಡಬೇಕಕ್ಕಾ?"

"ಕಾರ್ಖಾನಿಗೆ ಒಂದು ಕಾಯಿದೆ ಐತಿ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳು ಇದ್ದಲ್ಲಿ ಕೂಸುಗಳಿಗೆ ಒಂದು ಕೋಣಿ ಇಡಸಾಕ ಸರ್ಕಾರಕ್ಕ ಅಧಿಕಾರ ಐತಿ. ನಡುವ ಬಿಡುವು ಕೊಡಬೇಕು. ಆವಾಗ ನೀನು ಹಾಲು ಕುಡಿಸಬಹುದು. ಸಂಜಿ ಏಳರ ಮ್ಯಾಲೆ ಹೆಂಗಸರನ್ನ ಇಟ್ಟಕೊಳ್ಳಂಗಿಲ್ಲ. ಇದನ್ನೆಲ್ಲಾ ನೋಡಾಕ ಇನ್ಸ್‌ಪೆಕ್ಟರ್ ಬರತಾನ."

"ಇನ್ಸ್‌ಪೆಕ್ಟರ್ ಬಂದಾಗ ಮೇಸ್ತ್ರಿ ನಮ್ಮನ್ನೂ ಕೂಸುಗಳನ್ನೂ ಹಿಂದಿನ ಬಾಗಲದಾಗ ಹೊರಗ ಕಳಸತಾನ."

"ನೀವು ಹೋಗತೀರಿ. ಅದಕ ಕಳಸತಾನ."

ಬಸವಕ್ಕ ಸಿಟ್ಟಾದಳು. "ಕಾಯಿದಿ ನಮ್ಮನಿ ಒಲಿ ಹೊತ್ತಸತೈತೇನು? ಧಣೇರ ಎದುರಿಗೆ ನಿಂತು ಕೋಣಿ ಕೇಳಾಕ ನಾವೇನು ದೊರಿಸಾನಿಗಳೇನು?"

ಆದರೆ ಲಿಂಗಕ್ಕನ ಮನಸ್ಸು ನಡುಗಿತ್ತು. ಇನ್ನು ಗುಳಿಗೆ ಕೊಡುವುದಿಲ್ಲವೆಂದು ರಾಮಲಕ್ಷ್ಮಿಯ ಕೈಮುಟ್ಟಿ ಮಾತುಕೊಟ್ಟಳು. ಅತ್ತೆಗೂ ಕೊಡಬೇಡವೆಂದಳು. ಬಸವಕ್ಕ "ಹೂಂ" ಎಂದಳು.

ಮರುದಿನ ನಸುಕಿನಲ್ಲಿ ಬಸವಕ್ಕನ ಮನಸ್ಸು ತಡೆಯಲಿಲ್ಲ. ಕೂಸು ಅತ್ತು ಸೊಸೆಯ ಕೆಲಸ ಹೋದರೆ ಹೇಗೆ ಎಂದು ಅಂಜಿ, ಲಿಂಗಕ್ಕ ನೀರಿಗೆ ಹೋದಾಗ ಅವಸರದಲ್ಲಿ ಎಂದಿಗಿಂತ ತುಸು ಕಡಿಮೆ ತೇದು ಕೂಸಿನ ನಾಲಿಗೆಗೆ ಸವರಿದಳು. ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನದವರೆಗೆ ಅಂಬಿ ಮಲಗಿತ್ತು. ಗುಳಿಗೆ ಇಲ್ಲದೆಯೂ ಕೂಸು ಮಲಗಿತೆಂದು ಲಿಂಗಕ್ಕ ಸಂತೋಷಪಟ್ಟಳು. ಆಮೇಲೆ ಮಂಪರು ಇಳಿದು ಕೂಸು ಚೀರತೊಡಗಿತು. ಅಂದು ಬಂಡಿಗಳು ಬಹಳ ಬಂದಿದ್ದವು. ದುರುಗಣ್ಣ ಓಡಿಬಂದ.

"ಏ ಲಿಂಗೀ, ಇದೇನು ಜಿನ್ನೋ ನಿನ್ನ ತವರುಮನಿಯೋ? ಬಾಯಿ ಮುಚ್ಚಸತಿಯೋ, ಇಲ್ಲಾ ಎತ್ತಿಗೊಂಡು ನಡೀತಿಯೋ?"

ಪಕ್ಕದ ಯಂತ್ರದ ಹೆಂಗಸು ಸೆರಗಿನ ಗಂಟು ಬಿಚ್ಚಿ ಕಪ್ಪು ಚೂರೊಂದನ್ನು ಲಿಂಗಕ್ಕನ ಅಂಗೈಗೆ ಹಾಕಿದಳು. ಕೂಸಿಗೆ ಬೆಳಿಗ್ಗೆ ಏನೂ ಕೊಟ್ಟಿಲ್ಲವೆಂದೇ ಲಿಂಗಕ್ಕ ತಿಳಿದಿದ್ದಳು. ಇದೊಂದು ದಿನ ಎಂದುಕೊಂಡು ಅರ್ಧ ಜೋಳದ ಕಾಳಿನಷ್ಟು ಮುರಿದು ಕೂಸಿನ ಬಾಯಿಗಿಟ್ಟಳು.

ಕೂಸು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಹಾಲು ಕುಡಿಸಲು ಎತ್ತಿಕೊಂಡರೆ ಕುತ್ತಿಗೆ ನಿಲ್ಲಲಿಲ್ಲ. ಬಾಯಿ ಮೊಲೆಯನ್ನು ಹಿಡಿಯಲಿಲ್ಲ. ಲಿಂಗಕ್ಕ ಕೂಗಿಕೊಂಡಳು. ಹೊರಗೆ ಅಂಡಿಗೆ ಇಳಿಸುತ್ತಿದ್ದ ಮಾರೆಪ್ಪ ಬಂದು, ತಾಯಿ ಮಗಳನ್ನು ಬಂಡಿಯಲ್ಲಿ ಕೂಡಿಸಿಕೊಂಡು ಆಸ್ಪತ್ರೆಗೆ ಎತ್ತು ಓಡಿಸಿದ. ದಾರಿಯಲ್ಲಿ ಬಸವಕ್ಕನೂ ಬಂಡಿ ಹತ್ತಿದಳು. ಸುದ್ದಿ ತಿಳಿದು ರಾಮಲಕ್ಷ್ಮಿಯೂ ಬಂದಳು.

ಡಾಕ್ಟರಮ್ಮ ಕೂಸಿನ ಕಣ್ಣು ತೆರೆದು ನೋಡಿದರು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣದಾಗಿತ್ತು. "ಎಷ್ಟು ಕೊಟ್ಟೀರಿ? ಯಾವಾಗ ಕೊಟ್ಟೀರಿ? ಈಗ ಕೊಟ್ಟಿದ್ದರೆ ಹೊಟ್ಟೆ ತೊಳೆಯಬೇಕು. ಬೇಗ ಹೇಳಿರಿ."

ಲಿಂಗಕ್ಕ ರಾಮಲಕ್ಷ್ಮಿಯ ಮುಖ ನೋಡಿದಳು. ಮಾತು ಕೊಟ್ಟು ಇನ್ನೂ ಒಂದು ದಿನ ಕಳೆದಿರಲಿಲ್ಲ. ಗಂಡನೂ ಎದುರಿಗೆ ನಿಂತಿದ್ದ. "ಏನೂ ಕೊಟ್ಟಿಲ್ಲಮ್ಮಾ. ಝಳಕ್ಕ ಹಿಂಗಾಗೈತಿ."

"ಉರುಕುಂದಿ ಈರಣ್ಣನಾಣಿ, ನಾವು ಏನೂ ಹಾಕಿಲ್ಲರೀ. ದೃಷ್ಟಿ ಆಗೈತಿ" ಎಂದಳು ಬಸವಕ್ಕ.

ನಾಚಿಕೆ ಮನುಷ್ಯನಿಗೆ ಸುಳ್ಳು ಕಲಿಸುತ್ತದೆ. ದೇವರ ಆಣೆಯನ್ನೂ ಇಡಿಸುತ್ತದೆ. ಇಬ್ಬರು ಹೆಂಗಸರು ತಲೆ ತಗ್ಗಿಸಿ ನಿಂತರು. ಅವರ ನಡುವೆ ಮೇಜಿನ ಮೇಲೆ ಕೂಸಿನ ತುಟಿ ನೀಲಿಯಾಗುತ್ತಿತ್ತು.

ಆ ತುಟಿಯನ್ನು ಬಸವಕ್ಕ ನೋಡಿದಳು. ಕುಸಿದು ಕುಳಿತಳು.

"ನಾ ಹಾಕೀನಿ. ನಸುಕಿನ್ಯಾಗ ಹಾಕೀನಿ. ಆಕಿಗೆ ಗೊತ್ತಿಲ್ಲ. ಆಣಿ ಸುಳ್ಳು ಮಾಡೀನಿ, ಶಿವನೇ."

ಲಿಂಗಕ್ಕ ಬೆಚ್ಚಿ ತಿರುಗಿದಳು. "ಅತ್ತೀ, ಬೆಳಿಗ್ಗೆ ಹಾಕಿದ್ದೇನು ನೀನು? ನಾನೂ ಈಗ ಹಾಕಿದೆನಲ್ಲ! ಅಮ್ಮಾ, ಈಗ ಹಾಕೀನಿ, ಅರ್ಧ ಜೋಳದಷ್ಟು, ಮಧ್ಯಾಹ್ನ!"

ಡಾಕ್ಟರಮ್ಮ ಮತ್ತೊಂದು ಮಾತನ್ನಾಡದೆ ಕೆಲಸಕ್ಕೆ ತೊಡಗಿದರು. ಮಾರೆಪ್ಪ ಗೋಡೆಗೊರಗಿ ಕುಳಿತು ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡ. ಅವನು ಬೈದಿದ್ದರೆ ಆ ಹೆಂಗಸರಿಗೆ ಎಷ್ಟೋ ಹಗುರವಾಗುತ್ತಿತ್ತು.

ಪರಶಿವನು ಕರುಣಾಳು. ದೀಪ ಹಚ್ಚುವ ಹೊತ್ತಿಗೆ ಅಂಬಿ ಕಾಲು ಆಡಿಸಿತು, ಆಮೇಲೆ ಅತ್ತಿತು. ಲಿಂಗಕ್ಕ ಎದೆಗೊತ್ತಿಕೊಂಡು ತಾನೂ ಅತ್ತಳು. ಬಸವಕ್ಕ ಮಾತ್ರ ದೂರ ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ರಾಮಲಕ್ಷ್ಮಿಯ ಹತ್ತಿರ ಬಂದಳು.

"ರಾಮಲಕ್ಷ್ಮಮ್ಮಾ, ನಮ್ಮ ಹುಡುಗಂದೂ ತುಟಿ ಹಿಂಗಾ ಆಗಿದ್ದವು."

ರಾಮಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು.

"ದೃಷ್ಟಿ ಅಂತ ಮೆಣಸಿನಕಾಯಿ ಸುಟ್ಟೆ ನಾನು" ಎಂದಳು ಬಸವಕ್ಕ. "ಈ ಕೈಲೇ ಗುಳಿಗಿ ಹಾಕಿ, ಈ ಕೈಲೇ ದೃಷ್ಟಿ ತಗದೆ."

ಬಸವಕ್ಕ ಮನೆಗೆ ಬಂದರೂ ಯಾರ ಮುಖವನ್ನೂ ನೋಡಲಾರದೆ ಇದ್ದಳು. ಕೊನೆಗೆ ಒಂದು ಸಂಜೆ ತಾನೇ ಎದ್ದು, ಲಿಂಗಕ್ಕನನ್ನು ಕರೆದುಕೊಂಡು, ಜಿನ್ನಿಗೆ ಹೋಗುವ ಹೆಂಗಸರ ಮನೆಮನೆಗೂ ನಡೆದಳು. ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

ಒಬ್ಬಳು ಮುಖ ತಿರುಗಿಸಿದಳು. "ನಿನ್ನ ಪಾಪ ನಿನಗ. ನಮ್ಮ ಕೂಸು ಚೆಂದ ಐತಿ."

"ನಮ್ಮದೂ ಚೆಂದ ಇತ್ತವಾ" ಎಂದಳು ಬಸವಕ್ಕ.

ಮತ್ತೊಬ್ಬಳು ಕೇಳಿದಳು: "ಕೂಸು ಅತ್ತರ ಮೇಸ್ತ್ರಿ ಹೊರಗ ಹಾಕತಾನ. ಆವಾಗ ರೊಟ್ಟಿ ನೀ ಬಡದು ಹಾಕತಿಯೇನು?"

ಅದಕ್ಕೆ ಲಿಂಗಕ್ಕ ಉತ್ತರ ಹೇಳಿದಳು. "ಒಬ್ಬಾಕಿ ಕೂಸು ಅತ್ತರ ಒಬ್ಬಾಕಿನ್ನ ಹಾಕತಾನ. ಎಲ್ಲಾರ ಕೂಸೂ ಅತ್ತರ ಯಾರನ್ನ ಹಾಕತಾನ? ಹತ್ತಿ ಮಳಿಗೆ ತೊಯ್ಯಂಗ ಅಂಗಳದಾಗ ಬಿದ್ದೈತಿ. ಅದನ್ನ ದುರುಗಣ್ಣ ಒಬ್ಬಾವನ ಬಿಡಸತಾನೇನು?"

ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮನೆಯ ಮಾತು ಹೇಳತೊಡಗಿದರು. ಒಂದು ಮನೆಯ ಕೂಸು ವರ್ಷ ತುಂಬಿದರೂ ಕೂಡಲಾರದು. ಇನ್ನೊಂದರದು ಹಾಲೇ ಕುಡಿಯದು. ಇಷ್ಟು ದಿನ ಎಲ್ಲರೂ ಬೇರೆ ಬೇರೆ ನಾಚಿಕೊಂಡು ಸುಮ್ಮನಿದ್ದರು. ಎಲ್ಲರೂ ರಾಮಲಕ್ಷ್ಮಿಗೆ ಕೂಸುಗಳನ್ನು ತೋರಿಸಿ, ಅವಳು ಹೇಳಿದಂತೆ ಗುಳಿಗೆಯನ್ನು ಬಿಡಿಸಿದರು. ಎಲ್ಲರದೂ ಬಿಟ್ಟಮೇಲೆ ಒಂದು ದಿನ ಗೊತ್ತುಮಾಡಿ, ಕೂಸುಗಳನ್ನೆತ್ತಿಕೊಂಡು ಬಸವಕ್ಕನೊಡನೆ ಒಟ್ಟಿಗೆ ಜಿನ್ನಿಗೆ ಹೋದರು. ಅಂಡಿಗೆಗಳ ಹಿಂದೆ ಯಾರೂ ಹೋಗಲಿಲ್ಲ. ಅಂಗಳದ ನಡುವೆ ಕೌದಿ ಹಾಸಿ ಮಲಗಿಸಿದರು.

ಯಂತ್ರ ತಿರುಗತೊಡಗಿತು. ಒಂದು ಕೂಸು ಅತ್ತಿತು. ಅದನ್ನು ಕೇಳಿ ಮತ್ತೊಂದು ಅತ್ತಿತು. ಕಡೆಗೆ ಯಂತ್ರದ ಸದ್ದಿಗಿಂತ ಕೂಸುಗಳ ಸದ್ದೇ ಹೆಚ್ಚಾಯಿತು. ತಾಯಂದಿರು ಕೆಲಸ ಬಿಟ್ಟು ಬಂದು ಕೂಸುಗಳನ್ನು ಎತ್ತಿಕೊಂಡು ನಿಂತರು. ದುರುಗಣ್ಣ ಒಬ್ಬೊಬ್ಬರ ಮುಂದೆ ನಿಂತು ಕೂಗಾಡಿದ. ಅವನ ಮಾತು ಯಾರಿಗೂ ಕೇಳಿಸಲಿಲ್ಲ.

ಜಿನ್ನಿನ ಯಜಮಾನರು ಸೋಮಶೇಖರಪ್ಪನವರು. ಲಿಂಗಪೂಜೆ ತಪ್ಪದ ಮನುಷ್ಯರು. ಪೂಜೆ ಮುಗಿಸಿ, ಹಣೆಯ ವಿಭೂತಿ ಹಸಿಯಾಗಿದ್ದಾಗಲೇ ಅಂಗಳಕ್ಕೆ ಬಂದರು. ಯಂತ್ರ ನಿಲ್ಲಿಸಲು ಹೇಳಿ, ಸುತ್ತಲೂ ನೋಡಿದರು.

"ಇಷ್ಟು ಕೂಸು ಎಲ್ಲಿಂದ ಬಂದವು ಇವತ್ತ?"

ಬಸವಕ್ಕ ಮುಂದೆ ಬಂದು ಕೈಮುಗಿದಳು. "ಎಲ್ಲಿಂದನೂ ಬಂದಿಲ್ಲ ಧಣೀ. ದಿನಾ ಇಲ್ಲೇ ಇರತಾವ. ಅಫೀಮು ಹಾಕಿ ಮಲಗಸತಿದ್ವಿ. ನಮ್ಮ ಒಂದು ಕೂಸು ಅಲ್ಲೇ ಹಿಂದ ಸತ್ತೈತಿ."

"ನನಗ ಯಾರೂ ಹೇಳಲಿಲ್ಲಲ್ಲ" ಎಂದರು ಅವರು. ಹೇಳುವಾಗಲೇ ಅವರ ದನಿ ಇಳಿಯಿತು. ಅಂಡಿಗೆಗಳ ನಡುವೆ ದಿನವೂ ಓಡಾಡಿದ ಮನುಷ್ಯರು ಅವರು. ಅಲ್ಲಿ ಹಾಸಿದ ಕೌದಿಗಳನ್ನು ಕಂಡಿದ್ದರು. ಏಕೆಂದು ಕೇಳಿರಲಿಲ್ಲ.

"ಸುಗ್ಗಿ ಮುಗೀಲಿ, ಒಂದು ವ್ಯವಸ್ಥಾ ನೋಡೋಣಂತ" ಎಂದರು.

"ಅಲ್ಲೀಮಟ ಇನ್ಸ್‌ಪೆಕ್ಟರ್ ಸಾಹೇಬರು ಬಂದ್ರ ಇವನ್ನೆಲ್ಲಾ ಎಲ್ಲಿ ಬಚ್ಚಿಡಬೇಕು, ನೀವ ಹೇಳ್ರಿ ಧಣೀ" ಎಂದಳು ಲಿಂಗಕ್ಕ. "ಇವು ಇನ್ನ ಮ್ಯಾಲೆ ಸುಮ್ಮನ ಇರಂಗಿಲ್ಲ."

ಸೋಮಶೇಖರಪ್ಪನವರು ತಲೆ ಎತ್ತಲಿಲ್ಲ. ಬಾಗಿಲ ಬದಿಯ ಹತ್ತಿಕಾಳಿನ ಕೋಣೆಯನ್ನು ಅಂದೇ ತೆರವು ಮಾಡಿಸಲು ಹೇಳಿದರು. ಈಗ ಅಲ್ಲಿ ತೊಟ್ಟಿಲುಗಳಿವೆ. ಕೂಸುಗಳನ್ನು ನೋಡಿಕೊಳ್ಳಲು ಕೂಲಿಯ ಮೇಲೆ ಬಸವಕ್ಕನನ್ನೇ ಇಟ್ಟಿದ್ದಾರೆ. ನಡುವಿನ ಬಿಡುವಿನಲ್ಲಿ ತಾಯಂದಿರು ಬಂದು ಹಾಲು ಕೊಡುತ್ತಾರೆ.

ತಾಯಂದಿರೇ, ಅಜ್ಜಿಯರೇ, ನಿಮ್ಮ ಸೆರಗಿನ ಗಂಟಿನಲ್ಲಿರುವುದು ವಿಷ. ಅದನ್ನು ಕೂಸಿನ ಬಾಯಿಗೆ ಇಡಬೇಡಿರಿ. ರೂಢಿಯಾದ ಕೂಸಿಗೆ ಬಿಡಿಸಬೇಕಾದರೆ ನರ್ಸಮ್ಮನನ್ನು ಕೇಳಿರಿ. ಕೂಸು ಎಚ್ಚರ ತಪ್ಪಿದರೆ ಆಸ್ಪತ್ರೆಗೆ ಓಡಿರಿ. ಕೊಟ್ಟದ್ದನ್ನು ಕೊಟ್ಟೆವೆಂದು ಹೇಳಿರಿ. ನಿಮ್ಮ ನಾಚಿಕೆಗಿಂತ ಕೂಸಿನ ಉಸಿರು ದೊಡ್ಡದು. ಕೋಣೆಯನ್ನೂ ಬಿಡುವನ್ನೂ ಎಲ್ಲರೂ ಕೂಡಿ ಕೇಳಿರಿ. ಅದನ್ನು ಕೇಳುವುದು ಭಿಕ್ಷೆಯಲ್ಲ.

ಯಜಮಾನರೇ, ಬೆಳಿಗ್ಗೆ ಕಣ್ಣು ಮುಚ್ಚಿ ಶಿವನನ್ನು ನೆನೆದ ಮೇಲೆ, ಕಣ್ಣು ತೆರೆದು ಒಮ್ಮೆ ನಿಮ್ಮ ಅಂಡಿಗೆಗಳ ಹಿಂದೆ ನೋಡಿ ಬನ್ನಿರಿ.

ಹತ್ತಿಯ ಬಟ್ಟೆ ಉಡುವ ನಮ್ಮೆಲ್ಲರಿಗೂ ಒಂದು ಮಾತು. ಕೂಸುಗಳಿರುವ ಕಾರ್ಖಾನೆಯೊಂದು ಬಹಳ ಶಾಂತವಾಗಿದ್ದರೆ, ಒಳಗೆ ಹೋಗಿ ಕೇಳೋಣ. ನಾವು ಕೇಳದೆ ಮುಂದೆ ನಡೆದ ದಿನಗಳಿಗೆ ಆ ದೇವರು ಲೆಕ್ಕ ಕೇಳಿದರೆ, ಯಾವ ಮುಖ ಹೊತ್ತು ನಿಲ್ಲೋಣ?