ನರಸಮ್ಮ ಕೇಳಿದ ಮುಯ್ಯಿ

ಶಿವರಾತ್ರಿ ಕಳೆದು ಹದಿನೈದು ದಿನವಾಗಿತ್ತು. ಐ.ಡಿ.ಹಳ್ಳಿ ಕಡೆಯ ಊರುಗಳಲ್ಲಿ ಆಗ ಯಾರ ಮನೆ ಮುಂದೆ ನೋಡಿದರೂ ಹುಣಸೆಹಣ್ಣಿನ ರಾಶಿ. ಲಕ್ಷ್ಮೀದೇವಿ ಬೆಳಗ್ಗೆ ಏಳಕ್ಕೆ ಜಗಲಿಯ ಮೇಲೆ ಕುಳಿತವಳು, ಒಂದೊಂದೇ ಹಣ್ಣನ್ನು ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿದು ಬೀಜ ಬಿಡಿಸುತ್ತಿದ್ದಳು. ಬಡಿಯುವುದು, ಬಿಡಿಸುವುದು, ಗುಡ್ಡೆಗೆ ಹಾಕುವುದು. ಮಧ್ಯಾಹ್ನ ಮುದ್ದೆ ಉಣ್ಣಲು ಎದ್ದದ್ದು ಬಿಟ್ಟರೆ ಸಂಜೆಯವರೆಗೂ ಅದೇ ಕೆಲಸ.

ಹೊತ್ತು ಇಳಿದಾಗ ಏಳಲು ಕಂಬ ಹಿಡಿದಳು. ಮಂಡಿ ನೆಟ್ಟಗಾಗಲಿಲ್ಲ. ಮತ್ತೆ ಕುಳಿತಳು. ಅವಳಿಗೆ ನಲವತ್ತನಾಲ್ಕು ವರ್ಷ. ಅವಳ ತಾಯಿ ಐವತ್ತಕ್ಕೇ ಒಳಮನೆಯಿಂದ ಹೊರಜಗಲಿಗೆ ನೆಲದ ಮೇಲೆ ತೆವಳಿಕೊಂಡು ಬರುತ್ತಿದ್ದಳು. ಈಚೆಗೆ ಲಕ್ಷ್ಮೀದೇವಿಗೆ ದಿನಾ ಅದೇ ಕಣ್ಣ ಮುಂದೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಬೀದಿಯ ನರಸಮ್ಮ ಬಂದಳು. ಊರಿನ ಆಶಾ ಕಾರ್ಯಕರ್ತೆ ಅವಳೇ.

"ನಾಳೆಯಿಂದ ನಿಮ್ಮನೆಗೆ ಬತ್ತೀನಿ ಕಣಕ್ಕ," ಎಂದಳು ಲಕ್ಷ್ಮೀದೇವಿ. "ಮುಯ್ಯಿ ಉಳಿಸ್ಕಂಡ್ರೆ ನಂಗೆ ನಿದ್ದೆ ಬರಲ್ಲ."

ಆ ಊರಲ್ಲಿ ಹುಣಸೆಹಣ್ಣು ಬಡಿಯಲು ಕೂಲಿ ಕೊಡುವ ವಾಡಿಕೆಯಿಲ್ಲ. ನೀನು ನನ್ನ ಮನೆಗೆ ಒಂದು ದಿನ ಬಂದರೆ ನಾನು ನಿನ್ನ ಮನೆಗೆ ಒಂದು ದಿನ ಬರಬೇಕು. ಅದೇ ಮುಯ್ಯಿ. ಹೋದ ತಿಂಗಳು ಲಕ್ಷ್ಮೀದೇವಿ ಸೊಂಟ ಹಿಡಿದು ಮಲಗಿದ್ದಾಗ ನರಸಮ್ಮ ಮೂರು ದಿನ ಬಂದು ಬಡಿದು ಕೊಟ್ಟಿದ್ದಳು.

"ಮುಯ್ಯಿ ಅಂಗಿರ್ಲಿ. ಸಕ್ಕರೆ ಅಂಚಿಗೆ ಬಂದೈತೆ, ಮೈ ಆಡ್ಸು ಅಂದಿದ್ನಲ್ಲ, ಆಡಿಸ್ದಾ?"

"ಬೆಳಗ್ಗೆಯಿಂದ ದುಡೀತಾನೇ ಇದೀನಲ್ಲಕ್ಕ! ಇನ್ನೇನ್ ಆಡಿಸ್ಲಿ?"

"ದುಡಿದಿದ್ದು ನಿನ್ ಬಲಗೈ ಕಣೇ. ಮಿಕ್ಕಿದ್ದೆಲ್ಲ ಗೋಣಿಚೀಲ ಕುಂತಂಗೆ ಕುಂತಿತ್ತು. ನೋಡು, ಶಾಲೆ ಅಂಗಳದಾಗೆ ಕೋಲಾಟ ಕಲೀತಿದೀವಿ. ಚಿಕ್ಕನರಸಯ್ಯ ಹೇಳ್ಕೊಡ್ತಾನೆ. ಏಳು ಜನ ಅದೀವಿ, ಜೋಡಿ ಕೂಡಲ್ಲ. ನೀನ್ ಬಾ."

"ಕೋಲಾಟಾನಾ? ಎದ್ದು ನಿಲ್ಲಕ್ಕಾಗ್ತಿಲ್ಲ, ಕುಣಿ ಅಂತೀಯಲ್ಲ!"

"ಹಂಗಾರೆ ನನ್ ಮುಯ್ಯಿ ಕೊಡು. ನಂಗೆ ಹುಣಸೆಹಣ್ಣು ಬಡಿಯೋದು ಬ್ಯಾಡ. ಒಂದ್ ದಿನಕ್ಕೆ ಒಂದ್ ವಾರ. ಮೂರು ವಾರ, ದಿನಾ ಸಂಜೆ ಬಂದು ಕೋಲು ಹಿಡಿ. ತೀರ್ತು."

ಮುಯ್ಯಿ ಕೇಳಿದಾಗ ಆಗಲ್ಲ ಎನ್ನುವವರು ಆ ಊರಲ್ಲಿಲ್ಲ. ಹಾಗೆ ಅಂದವರ ಅಂಗಳಕ್ಕೆ ಮುಂದಿನ ವರ್ಷ ಯಾರೂ ಬರುವುದಿಲ್ಲ.

ಗಂಡ ಮೂಡಲಗಿರಿಯಪ್ಪ ದನ ಕಟ್ಟುತ್ತಾ ಎಲ್ಲ ಕೇಳಿಸಿಕೊಂಡಿದ್ದ. "ಹೋಗು ಹೋಗು. ಮುಂದಿನ್ ವರ್ಷ ಗೆಜ್ಜೆನೂ ಕೊಡಿಸ್ತೀನಿ," ಎಂದು ನಕ್ಕ.

ಮೊದಲ ಸಂಜೆ ನರಸಮ್ಮ ಅವಳ ಬಿ.ಪಿ. ನೋಡಿದಳು. ಹದಿನೈದು ನಿಮಿಷ ಮಾತ್ರ ಆಡಿಸಿದಳು. ಎಪ್ಪತ್ತು ದಾಟಿದ ಚಿಕ್ಕನರಸಯ್ಯ ಎರಡು ಕೋಲು ಕೊಟ್ಟು, "ಎದುರಿಗಿರೋಳ ಕೋಲಿಗೆ ಹೊಡೀಬೇಕು ಕಣಮ್ಮ, ಬೆರಳಿಗಲ್ಲ," ಎಂದ. ಎದುರಿಗಿದ್ದವಳು ಹೊಸದಾಗಿ ಮದುವೆಯಾಗಿ ಬಂದ ಶೃತಿ. ಲಕ್ಷ್ಮೀದೇವಿ ಹೊಡೆದದ್ದು ಅವಳ ಬೆರಳಿಗೇ.

"ಅಯ್ಯೋ ಅತ್ತೆ, ನಮ್ಮತ್ತೇನೂ ಇಂಗ್ ಹೊಡ್ದಿಲ್ಲ ನನ್ನ!" ಎಂದು ಶೃತಿ ಕೈ ಒದರಿದಳು. ಎಲ್ಲರೂ ನಕ್ಕರು. ಲಕ್ಷ್ಮೀದೇವಿಗೆ ನಗು ಬರಲಿಲ್ಲ. ಮನೆಗೆ ಬಂದು ಗೋಡೆಗೆ ಒರಗಿ ಕುಳಿತಳು. ಒಲೆ ಹಚ್ಚುವುದಕ್ಕೂ ತ್ರಾಣವಿರಲಿಲ್ಲ.

ಎರಡನೆಯ ದಿನವೂ ಅಷ್ಟೆ, ಮೂರನೆಯ ದಿನವೂ ಅಷ್ಟೆ. ಮೀನಖಂಡ ಹಿಡಿದುಕೊಂಡಿತು. "ನಾಳೆ ಬರಲ್ಲ ಕಣಕ್ಕ," ಎಂದಳು. "ಎದೆ ನೋವಾ? ಉಸಿರು ಕಟ್ತದಾ? ತಲೆ ಸುತ್ತದಾ?" ಎಂದು ನರಸಮ್ಮ ಕೇಳಿದಳು. "ಅದೇನಿಲ್ಲ, ಮೈಕೈ ನೋವು." "ಅಂಗಿದ್ರೆ ಮೆಲ್ಲಕ್ಕೆ ಆಡು. ನಿಲ್ಲಿಸ್ಬ್ಯಾಡ."

ಎರಡನೆಯ ವಾರ ಒಂದು ಸಂಜೆ ಸುತ್ತು ತಿರುಗುವಾಗ ಎಂಟು ಜನರ ಕೋಲೂ ಒಟ್ಟಿಗೆ ಬಿದ್ದವು. ಒಂದೇ ಸದ್ದು. ಲಕ್ಷ್ಮೀದೇವಿ ಬೆಚ್ಚಿ ನಿಂತುಬಿಟ್ಟಳು. "ನಿಂತ್ಕಂಡ್ಯಲ್ಲವ್ವ, ಈಗ ತಾನೇ ಬಂತಲ್ಲ!" ಎಂದು ಚಿಕ್ಕನರಸಯ್ಯ ಕೂಗಿದ. ಬಂದದ್ದು ತಾಳ ಎಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಮೇಲೆ ಅವಳು ಹೊಸದಾಗಿ ಕಲಿತದ್ದು ಅದೊಂದೇ.

ಮೂರು ವಾರ ಮುಗಿಯಿತು. "ಮುಯ್ಯಿ ತೀರ್ತಲ್ಲ, ಇನ್ ಮನೇಲಿರು," ಎಂದ ಮೂಡಲಗಿರಿಯಪ್ಪ. ಮಾರನೆಯ ಸಂಜೆ ಅವಳು ಜಗಲಿಯಿಂದ ಏಳಲಿಲ್ಲ. ಹಣ್ಣಿನ ರಾಶಿ ಇನ್ನೂ ಅರ್ಧ ಉಳಿದಿತ್ತು. ದಣಿವೂ ಇತ್ತು. ಹೊತ್ತು ಮುಳುಗುವಾಗ ಶಾಲೆ ಕಡೆಯಿಂದ ಕೋಲಿನ ಸದ್ದು ಬಂತು. ನಿಂತಿತು. ಮತ್ತೆ ಶುರುವಾಗಿ ಮತ್ತೆ ನಿಂತಿತು. ಸುತ್ತು ಎಲ್ಲಿ ಕಡಿಯುತ್ತಿದೆ ಎಂದು ಅವಳಿಗೆ ಕುಳಿತಲ್ಲೇ ತಿಳಿಯುತ್ತಿತ್ತು. ಶೃತಿ ಕೋಲೆತ್ತಿ ನಿಂತಿರುತ್ತಾಳೆ, ಎದುರಿಗೆ ಯಾರೂ ಇರುವುದಿಲ್ಲ. ಲಕ್ಷ್ಮೀದೇವಿಯ ಕೈಯ ಕೊಡತಿ ಬಡಿಯದೆ ಉಳಿಯಿತು.

ಮೂಡಲಗಿರಿಯಪ್ಪ ಹತ್ತಿರ ಬಂದ. "ಏನೇ, ವಾರವಾರ ತರಿಸ್ಕಂತಿದ್ದ ನೋವಿನ ಮಾತ್ರೆ ತರಕ್ಕೆ ಈಗ ಎರಡು ವಾರದಿಂದ ನನ್ನ ಕಳ್ಸೇ ಇಲ್ವಲ್ಲ?"

"ಕೇಳ್ಬೇಕು ಅನ್ನಿಸ್ಲಿಲ್ಲ. ಮಂಡಿ ಈಗ್ಲೂ ನೋಯ್ತದೆ. ಆದ್ರೆ ರಾತ್ರಿ ನಿದ್ದೆ ಬತ್ತದೆ."

"ಅನ್ನಕ್ಕೆ ನಾನಿಡ್ತೀನಿ. ಹೋಗ್ ಬಾ."

ಲಕ್ಷ್ಮೀದೇವಿ ಕೈ ತೊಳೆದು ಹೋದಳು. ಶಾಲೆ ಅಂಗಳದಲ್ಲಿ ನರಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಯಾಕ್ ಬಂದ್ಯೇ? ನಿನ್ ಮುಯ್ಯಿ ನಿನ್ನೆಗೇ ಮುಗೀತು. ಇನ್ ಬಂದ್ರೆ ನನ್ ಮೇಲೆ ಏರ್ತದೆ."

"ಏರ್ಲಿ ಬುಡಕ್ಕ. ನೀನೇನ್ ತೀರಿಸ್ಬ್ಯಾಡ," ಎಂದು ಲಕ್ಷ್ಮೀದೇವಿ ಶೃತಿಯ ಎದುರಿಗೆ ಹೋಗಿ ನಿಂತಳು.

ಆ ಮುಯ್ಯಿ ದಿನಾ ಸಂಜೆ ಏರುತ್ತಲೇ ಇದೆ, ನರಸಮ್ಮ ಇವತ್ತಿಗೂ ತೀರಿಸಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ದಿನವಿಡೀ ದುಡಿದು ಸೋತವರಿಗೆ ಇನ್ನೂ ಮೈ ದಣಿಸಿ ಎಂದು ಹೇಳುವುದು ಕಷ್ಟ. ಆದರೆ ಒಂದೇ ಕಡೆ ಕುಳಿತು ಮಾಡುವ ದುಡಿಮೆ ಕೈಯನ್ನು ಸವೆಸುತ್ತದೆ, ಉಳಿದ ಮೈಯನ್ನು ಬಿಗಿಸುತ್ತದೆ. ಕೋಲಾಟವೋ, ಸೈಕಲ್ಲೋ, ಬಾಲ್ ಆಟವೋ, ನಿಮಗೆ ಇಷ್ಟವಾದದ್ದನ್ನು ಹಿಡಿಯಿರಿ. ಮೊದಲು ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ದಿನಕ್ಕೆ ಹದಿನೈದು ನಿಮಿಷದಿಂದ ಶುರುಮಾಡಿ, ಮೆಲ್ಲಗೆ ಅರ್ಧ ಗಂಟೆಗೆ ಏರಿಸಿ. ಎದೆ ನೋವು, ತಲೆಸುತ್ತು ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮೊದಲ ವಾರ ಬೇಸರವಾಗುತ್ತದೆ, ಬೆರಳಿಗೂ ಪೆಟ್ಟು ಬೀಳುತ್ತದೆ. ಆ ವಾರವನ್ನು ದಾಟಿ. ಒಬ್ಬರೇ ಹೋಗಲು ನಾಚಿಕೆಯಾದರೆ ಪಕ್ಕದ ಮನೆಯವರನ್ನು ಇವತ್ತೇ ಕರೆಯಿರಿ. ಅವರೂ ಯಾರಾದರೂ ಕರೆಯಲಿ ಎಂದೇ ಕುಳಿತಿರಬಹುದು.